ದವನದ ಬಳಗ

ನೌಕರಿ ಮುಗಿಸಿ ಮನ್ಯಾಗ ಕುಂತ ಮ್ಯಾಲೆ ನನ್ನ ನೋಡಾಕ ಬರೂ ಹುಡುಗ್ರೆಲ್ಲಾ ಒಂದ ಪ್ರಶ್ನೆ ಕೇಳ್ತಾರ. "ಮೇಡಂ, ಕ್ಯಾನ್ಸರ್ ಔಷಧದ ಲ್ಯಾಬಿನ್ಯಾಗ ಕೆಲಸ ಅಂದ್ರ ಭಾಳ ಥ್ರಿಲ್ ಇರ್ತಿತ್ತಲ್ರಿ?" ಥ್ರಿಲ್ಲಂತ! ನಾನು ಅವರಿಗೆ ಚಾ ಕೊಟ್ಟು, ನನ್ನ ಬಲಗೈ ಹೆಬ್ಬಟ್ಟು ತೋರಿಸ್ತೇನಿ. ಹನಿ ಅಳಿಯೂ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಅದರ ಕೀಲು ಹೋಗೇತಿ. ಈಗ ಕೊತಂಬರಿ ಸೋಸಾಕ ಕುಂತ್ರೂ ನೋಯ್ತೈತಿ. ಇದ ನೋಡ್ರಪ್ಪಾ ಥ್ರಿಲ್ಲು ಅಂತೇನಿ. ಚಾಷ್ಟಿ ಅನಕೊಂಡು ನಕ್ಕು ಹೋಗ್ತಾರ. ಹೋಗ್ಲಿ, ಬರದರ ಇಡೋಣು ಅಂತ ಕುಂತೇನಿ.

ನಾನು ಧಾರವಾಡದ ಒಂದ ಲ್ಯಾಬಿನ್ಯಾಗ ಕೋಶ ಸಾಕಾಕಿ. ಹುದ್ದೆಕ್ಕ ಉದ್ದಂದ ಹೆಸರಿತ್ತು, ಕೆಲಸ ಮಾತ್ರ ಇದ. ಆಕಳ ಸಾಕಾವ್ರು ಅದಾರ, ಕೋಳಿ ಸಾಕಾವ್ರು ಅದಾರ, ನಾನು ಕ್ಯಾನ್ಸರ್ ಕೋಶ ಸಾಕ್ತಿದ್ದೆ. ಯಾವ ಊರಿನ ಯಾವ ಪುಣ್ಯಾತ್ಮನ ಗಂಟಿನಿಂದ ತಗದ ಕೋಶಾನೋ ಏನೋ, ಆ ಮನಷಾ ಮಣ್ಣಾಗಿ ಎಷ್ಟ ವರ್ಷ ಆತೋ, ಇವು ಮಾತ್ರ ಪ್ಲೇಟಿನ್ಯಾಗ ಬೆಳಕೋತನ ಇರ್ತಾವ. ಅವಕ್ಕ ಗುಲಾಬಿ ಬಣ್ಣದ ನೀರಿನಂಥಾ ಊಟ ಹಾಕಬೇಕು, ಮೈ ಬೆಚ್ಚಗಿಡಬೇಕು, ಜಾಗಾ ಸಾಲದಾದ್ರ ಬ್ಯಾರೆ ಪ್ಲೇಟಿಗೆ ಬಿಡಿಸಿ ಹಾಕಬೇಕು. ಹಬ್ಬ ಹುಣ್ಣಿವಿ ಅವಕ್ಕ ಗೊತ್ತಿಲ್ಲ. ನಾಗರಪಂಚಮಿ ದಿನಾ ಎಲ್ಲಾರೂ ಜೋಕಾಲಿ ಆಡೂವಾಗ ನಾನು ಏಪ್ರನ್ ಹಾಕ್ಕೊಂಡು ಕೋಶಕ್ಕ ಊಟಾ ಹಾಕಾಕ ಹೊಂಟಿರ್ತಿದ್ದೆ. ನಮ್ಮ ಅತ್ತಿ, "ಮಕ್ಕಳಿಗೆ ಉಂಡಿ ಕಟ್ಟಿಕೊಡೂದ ಬಿಟ್ಟು ಯಾರದೋ ರೋಗಕ್ಕ ಉಣಿಸಾಕ ಹೊಂಟಾಳ ನೋಡ" ಅಂತಿದ್ರು. ಅವರ ಮಾತಿನ್ಯಾಗ ತಪ್ಪಿದ್ದಿಲ್ಲ.

ಇಷ್ಟ ಮಾಡಿ ಸಾಕಿದ್ದು ಒಮ್ಮೊಮ್ಮೆ ಬೂಷ್ಟ ಹತ್ತಿ ಹೋಗ್ತಿತ್ತು. ಯಾರೋ ಬಾಗಲಾ ತಗದು ಒಂದ ಸೀನು ಸೀನಿದ್ರ ಸಾಕು, ತಿಂಗಳಗಟ್ಟಲೆ ಮಾಡಿದ ಕೆಲಸದ ಮ್ಯಾಲೆ ಹತ್ತಿ ಹಾಸಿದಂಗ ಬಿಳೇ ಬೂಷ್ಟ. ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅಂತಾರಲ್ಲ, ಆ ಗಾದಿ ಮಾಡಿದಾಂವ ನಮ್ಮ ಲ್ಯಾಬಿನ್ಯಾಗ ಕೆಲಸಕ್ಕ ಇದ್ದನೋ ಏನೋ. ಮೊದಲ ಸಲ ಅತ್ತೆ. ಆಮ್ಯಾಲೆ ಅಳೂದೂ ಬ್ಯಾಸರಾತು. ಬ್ಲೀಚ್ ಸುರುವಿ, ಚೆಲ್ಲಿ, ಮತ್ತ ಮೊದಲಿನಿಂದ ಚಾಲೂ ಮಾಡೂದು.

ನಾನು ಸೇರಿದ ಹೊಸದರಾಗ ಸತ್ತ ಕೋಶ ಕಣ್ಣಿಲೆ ಎಣಸಬೇಕಿತ್ತು. ನೀಲಿ ಬಣ್ಣ ಹಾಕಿದ್ರ ಸತ್ತವು ನೀಲಿ ಆಗ್ತಾವ, ಜೀವಂತ ಇದ್ದವು ಬೆಳ್ಳಗ ಮಿಂಚತಾವ. ಸೂಕ್ಷ್ಮದರ್ಶಕದ ಮುಂದ ಕುಂತು ಎಣಸಿ ಎಣಸಿ, ಮನಿಗೆ ಬಂದು ಅಕ್ಕಿ ಆರಿಸಾಕ ಕುಂತ್ರ ಅಕ್ಕಿ ಕಾಳಿನ್ಯಾಗೂ ನೀಲಿ ಕಾಣ್ತಿತ್ತು. ಆಮ್ಯಾಲೆ ಮಶೀನ್ ಬಂತು. ಪ್ಲೇಟ್ ಒಳಗ ಇಟ್ಟು ಗುಂಡಿ ಒತ್ತಿದ್ರ ಅಂಕಿ ಹೊರಗ ಬೀಳ್ತಾವ. ಲಗೂ ಆತು, ಖರೇ. ಆದ್ರ ಮಶೀನಿಗೆ ಕೋಶ ಕಾಣಂಗಿಲ್ಲ, ಬಣ್ಣ ಅಷ್ಟ ಕಾಣತೈತಿ. ಪ್ಲೇಟ್ ಕಣ್ಣಿಲೆ ನೋಡದ ಅಂಕಿ ಬರಕೊಂಡು ಹೋಗೂ ಹುಡುಗ್ರನ್ನ ನೋಡಿದ್ರ ಇವತ್ತೂ ನನಗ ಸಿಟ್ಟ ಬರತೈತಿ.

ನನ್ನ ನೌಕರಿಯ ಕಡೀ ವರ್ಷಗಳ ಮಾತು. ನಮ್ಮ ಲ್ಯಾಬಿಗೆ ಎರಡ ಮಲೇರಿಯಾ ಔಷಧ ಕ್ಯಾನ್ಸರ್ ಕೋಶದ ಮ್ಯಾಲೆ ಹಾಕಿ ನೋಡೂ ಕೆಲಸ ಬಂತು. ಸಿಂಕೋನಾ ಮರದ ತೊಗಟಿಯಿಂದ ಬರೂದು ಒಂದು. ಅದು ಮೊದಲಿನಿಂದ ಎಲ್ಲಾರಿಗೂ ಗೊತ್ತಿದ್ದ ಕಹಿ ಔಷಧ, ಅದನ್ನೂ ಹಾಕಿ ನೋಡಿದ್ವಿ, ಹೇಳಿಕೊಳ್ಳೂವಂಥಾದ್ದೇನೂ ಆಗಲಿಲ್ಲ. ಇನ್ನೊಂದು ಚೀನಾದ ಕಡೆ ಬೆಳಿಯೂ ಒಂದ ಗಿಡದ್ದು. ಸಣ್ಣ ಬಾಟ್ಲ್ಯಾಗ ಬೆಳ್ಳಾನ ಪುಡಿ. ಈ ಎರಡನೇದ್ದರ ಸ್ವಭಾವ ವಿಚಿತ್ರ. ಅದಕ್ಕ ಕಬ್ಬಿಣ ಸಿಕ್ಕರ ಬೆಂಕಿ. ಮಲೇರಿಯಾ ಹುಳ ರಕ್ತ ತಿಂದು ಮೈತುಂಬ ಕಬ್ಬಿಣ ಇಟಗೊಂಡಿರತೈತಿ. ಔಷಧ ಆ ಕಬ್ಬಿಣ ಮುಟ್ಟಿದ ಕೂಡಲೇ ಒಡದು ಹುಳದ ಮೈ ಸುಡತೈತಿ. ಕ್ಯಾನ್ಸರ್ ಕೋಶಾನೂ ಕಬ್ಬಿಣಕ್ಕ ಆಶಾಬುರಕ. ಲಗೂ ಲಗೂ ಬೆಳೀಬೇಕಲ್ಲ, ಒಳ್ಳೆ ಕೋಶಕ್ಕಿಂತ ಹೆಚ್ಚ ನುಂಗತೈತಿ. ಹಂಗಾರ ಇದಕ್ಕೂ ಅದ ಔಷಧ ಹತ್ತೀತೇನು ಅಂತ ನೋಡೂದ ನಮ್ಮ ಕೆಲಸ. ಜಗತ್ತಿನ್ಯಾಗ ಭಾಳ ಮಂದಿ ನೋಡಾಕತ್ತಿದ್ರು, ಅವರೊಳಗ ನಾವೂ ಒಂದ ಮೂಲ್ಯಾಗ ಇದ್ವಿ.

ಹತ್ತಿತು. ಹೆಂಗ ಹತ್ತಿತಂದ್ರ, ನಾವ ಬೆರಗಾಗೂವಂಗ ಹತ್ತಿತು. ಎರಡ ದಿನಕ್ಕ ಪ್ಲೇಟ್ ನೋಡಿದ್ರ ಕೋಶ ಉಬ್ಬಿ, ಒಡದು, ಕಸದಂಗ ತೇಲ್ತಿದ್ವು. ಔಷಧ ಹಾಕದ ಪ್ಲೇಟಿನ್ಯಾಗ ಆರಾಮ ಇದ್ವು. ಹಿಂಗಾಗಿ ಯಾರಿಗೂ ಸಂಶೆ ಬರಲಿಲ್ಲ.

ನಮ್ಮ ಮುಖ್ಯಸ್ಥರಿಗೆ ನಾವೆಲ್ಲಾ ಸರ್ ಅಂತಿದ್ವಿ. ಕೆಟ್ಟ ಮನಷಾ ಅಲ್ಲ. ಮಾತಿನ ಚಟಾ ಭಾಳ. ಮೈಕ್ ಕಂಡ್ರ ಬಿಡಾವ್ರಲ್ಲ, ಅದರಾಗೂ ಕನ್ನಡದಾಗ ವಿಜ್ಞಾನ ಹೇಳಬೇಕಂತ ಹಠಾ. ಹುಬ್ಬಳ್ಳ್ಯಾಗ ಒಂದ ಸಮಾರಂಭದಾಗ ಮಾತಾಡ್ಕೋತ, ಆ ಚೀನಾ ಗಿಡ ಮಂದಿಗೆ ತಿಳಿಯಂಗಿಲ್ಲಂತ, "ಇದು ನಮ್ಮ ದವನದ ಬಳಗದ ಗಿಡ" ಅಂದ್ರು. ಸಸ್ಯಶಾಸ್ತ್ರದ ಪ್ರಕಾರ ಖರೇನ. ದವನ, ಮಾಚಿಪತ್ರಿ, ಈ ಗಿಡ, ಎಲ್ಲಾ ಒಂದ ಕುಲ. ಆದ್ರ ಮರುದಿನ ಒಂದ ಪೇಪರಿನ್ಯಾಗ ಬಂದದ್ದೇನು? "ದವನಕ್ಕೆ ಶರಣಾದ ಕ್ಯಾನ್ಸರ್!" ಕೆಳಗ ಸರ್ ಫೋಟೋ, ಪಕ್ಕಕ್ಕ ದವನದ ಸೂಡು. ಸರ್ ಮೊದಲ "ಅಯ್ಯ, ಹಿಂಗ ಬರದಾರಲ್ಲ" ಅಂದ್ರು. ಮಧ್ಯಾಹ್ನದ ಹೊತ್ತಿಗೆ ಫೋನ್ ಮ್ಯಾಲೆ ಫೋನ್, ಶಾಭಾಶ್ ಮ್ಯಾಲೆ ಶಾಭಾಶ್. ಸಂಜಿಕ್ಕ ಆ ಪೇಪರ್ ನಮ್ಮ ಲ್ಯಾಬಿನ ಬಾಗಲಕ್ಕ ಅಂಟಿತ್ತು. ಹುಬ್ಬಳ್ಳಿ ದುರ್ಗದಬೈಲಿನ ಹೂವಿನವರು ಆ ವಾರ ದವನ ಸಾಲಲಿಲ್ಲ ಅಂತಿದ್ರಂತ. ನಾವು ಅದನ್ನ ಕೇಳಿ ನಕ್ವಿ.

ಮುಂದ ಬ್ಯಾಸಗಿ. ನಮ್ಮ ಊರಿನ್ಯಾಗ ನಳ ದಿನಾ ಬರಂಗಿಲ್ಲ ಅನ್ನೂದು ಇಲ್ಲಿಯವರಿಗೆ ಹೇಳೂದ ಬ್ಯಾಡ. ನೀರ ಬಂದ ದಿನಾ ಮನ್ಯಾಗ ಕೊಡಾ, ಬಕೀಟು, ಪಾತೇಲಿ ಎಲ್ಲಾ ತುಂಬಿ ಇಡ್ತೇವಿ. ಲ್ಯಾಬಿನ್ಯಾಗೂ ಅದ ಸಂಸಾರ. ನೀರ ಬಂದ ದಿನಾ ಇದ್ದಷ್ಟೂ ಭಟ್ಟಿ ಇಳಿಸಿ, ಒಂದ ದೊಡ್ಡ ಸ್ಟೀಲ್ ಡ್ರಮ್ಮಿನ್ಯಾಗ ತುಂಬಿ, ಮುಂದ ನೀರ ಬರೂತನಕಾ ಅದರಾಗ ಕೋಶದ ಊಟಾ ಕಲಸ್ತಿದ್ವಿ. ಆ ಬ್ಯಾಸಗ್ಯಾಗ ನೀರ ಬರೂದು ಇನ್ನೂ ತಡಾ ಆತು, ಡ್ರಮ್ಮಿನ ತಳದ ನೀರಿಗೆ ಕೈ ಹಚ್ಚಬೇಕಾತು. ಬೀಕರಿನ್ಯಾಗ ಹಿಡದೆ. ನೀರು ತೆಳ್ಳನ ಚಾದ ಬಣ್ಣ. ಬಗ್ಗಿ ನೋಡಿದೆ. ಡ್ರಮ್ಮಿನ ಸ್ಟೀಲ್ ನಳ ಯಾವಾಗೋ ಸೋರ್ತಿತ್ತಂತ ಯಾರೋ ಅದನ್ನ ತಗದು ಕಬ್ಬಿಣದ ನಳ ಕೂಡಿಸ್ಯಾರ! ಬಾಯಿತುಂಬ ತುಕ್ಕು.

ಹಳೇ ಲೆಕ್ಕದ ವಹಿ ತಗದು ನೋಡಿದೆ. ಔಷಧ ಹಾಕಿದ ಕೋಶ ನೀರ ಬಂದ ಮರುದಿನ ಸಾಧಾರಣ ಸಾಯ್ತಿದ್ವು, ನೀರ ಹಳೇದಾದಂಗ ಸಪಾಟಾಗಿ ಸಾಯ್ತಿದ್ವು. ಇದಕ್ಕ ನಾವು ಏನೇನೋ ಕಾರಣ ಹಚ್ಚಿದ್ವಿ. ತುಕ್ಕಿನ ಕಬ್ಬಿಣ ತಾನ ಕೊಲ್ಲೂವಷ್ಟಿದ್ದಿಲ್ಲ, ಔಷಧದ ಕೈಯಾಗ ಕೊಳ್ಳಿ ಕೊಡ್ತಿತ್ತು ಅಷ್ಟ. ಹೊಸಾ ನಳ ಹಾಕಿ, ಡ್ರಮ್ ತೊಳದು, ಎಲ್ಲಾ ಮತ್ತ ಮಾಡಿದೆ. ಔಷಧ ಕೊಲ್ತಿತ್ತು, ಇಲ್ಲನ್ನಂಗಿಲ್ಲ. ಆದ್ರ ಮೊದಲಿನ ಆರ್ಭಟ ಇದ್ದಿಲ್ಲ. ಔಷಧ ಹೆಚ್ಚಿಸ್ಕೋತ ಹೋದ್ರ ಒಳ್ಳೆ ಕೋಶಾನೂ ಅದರ ಸಂಗತೀಲೆ ಸಾಯ್ತಿದ್ವು.

ಸರ್ ಮುಂದ ಹೇಳಿದೆ. ಕನ್ನಡಕಾ ತಗದು ಕಣ್ಣ ಒರಸಿಕೊಂಡ್ರು. "ಅಲ್ರಿ, ಇನ್ನ ಮುಂದ ಛಲೋ ನೀರಿನ್ಯಾಗ ಮಾಡೋಣಂತ. ಪೇಪರ್ನಾಗ ಬಂದದ್ದನ್ನ ಈಗ ಯಾಕ ಕೆದರತೀರಿ? ಮಂದಿ ಮರತಾರ" ಅಂದ್ರು.

ಒಬ್ಬಾಂವ ಮರತಿದ್ದಿಲ್ಲ. ನಮ್ಮ ಫ್ರಿಜ್ಜು, ಕೋಶ ಇಡೂ ಬೆಚ್ಚನ ಪೆಟಗಿ ಎಲ್ಲಾ ರಿಪೇರಿ ಮಾಡೂ ಇಮಾಮಸಾಬ, ಹಳೇ ಹುಬ್ಬಳ್ಳಿಯಾಂವ. ಅದ ವಾರ ಫ್ರಿಜ್ಜಿನ ಕೆಲಸಕ್ಕ ಬಂದ. ಅವನ ಪಾನಾ ಇಕ್ಕಳದ ಚೀಲದಿಂದ ಘಮ್ಮಂತ ದವನದ ವಾಸನಿ. "ಏನ್ ಇಮಾಮಸಾಬ್ರ, ಯಾರ ಮದವಿ?" ಅಂತ ಚಾಷ್ಟಿ ಮಾಡಿದೆ.

"ಮದವಿ ಅಲ್ರೀ ಅಕ್ಕಾರ. ನನ್ನ ಹೆಂಡತಿ ಜುಲೇಖಾಗ ಎದಿಯಾಗ ಗಂಟಾಗೇತ್ರಿ, ಕ್ಯಾನ್ಸರ್ ಅಂದ್ರು. ನಿಮ್ಮ ಬಾಗಲ ಮ್ಯಾಲಿನ ಪೇಪರ್ ಓದಿದ್ನಿ. ದಿನಾ ದುರ್ಗದಬೈಲಿನಿಂದ ಒಂದ ಸೂಡು ಒಯ್ಯಾಕತ್ತೇನ್ರಿ. ಕಷಾಯ ಮಾಡಿ ಕುಡೀತಾಳ."

"ದವಾಖಾನಿ?"

"ಬಿಡಿಸಿದ್ನಿರಿ. ಆ ಸಲಾಯಿನ್ ಹಚ್ಚಿಸಿಕೊಂಡು ಬಂದ್ರ ಅಕಿ ಪಾಡು ನೋಡಾಕ ಆಗ್ತಿದ್ದಿಲ್ರಿ. ನಿಮ್ಮ ಸಾಹೇಬ್ರನ್ನ ಕೇಳಿದ್ನಿ, ಕುಡಿಸು, ತೊಂದ್ರಿ ಏನಿಲ್ಲ ಅಂದ್ರು. ಮತ್ತ ಹೆಸರಿನ್ಯಾಗನ ದವಾ, ಅಂದ್ರ ಔಷಧ, ಐತಲ್ರಿ ಅಕ್ಕಾರ. ದವಾ-ನಾ!" ನಂಬಿಗಿಲೇ ನಕ್ಕ.

ಸರ್ ಹೇಳಿದ್ದು ಸುಳ್ಳಲ್ಲ, ದವನ ಕುಡದ್ರ ತೊಂದ್ರಿ ಇಲ್ಲ. ಅದನ್ನ ಕುಡದು ದವಾಖಾನಿ ಔಷಧ ಬಿಟ್ರ ತೊಂದ್ರಿ. ದವಾಖಾನಿ ಬಿಟ್ಟಿಯೇನು ಅಂತ ಕೇಳೂವಷ್ಟು ಹೊತ್ತ ಸರ್ ನಿಂತಿರಲಿಕ್ಕಿಲ್ಲ. ನನಗ ಬಂದ ಸಿಟ್ಟಿಗೆ ಯಾರನ್ನ ಬೈಯಬೇಕು ತಿಳೀಲಿಲ್ಲ. ಏಪ್ರನ್ ಬಿಚ್ಚಿ ಒಗದು, ಇಮಾಮಸಾಬನ ಕರಕೊಂಡು ಹಳೇ ಹುಬ್ಬಳ್ಳಿ ಬಸ್ ಹಿಡದೆ.

ಇಮಾಮಸಾಬನ ಮನಿ ಮುಂದ ಹಳೇ ಫ್ರಿಜ್ಜಿನ ಡಬ್ಬಿ, ಕಂಪ್ರೆಸರ್ ಒಟ್ಟಿದ್ವು. ಒಳಗ ಜುಲೇಖಾ ತಲಿಗೆ ಓಢಣಿ ಬಿಗದು ಕುಂತಿದ್ಳು. ಕೂದಲ ಹೋಗಿದ್ವು, ಹುಬ್ಬೂ ಹೋಗಿದ್ವು. ಮನಿತುಂಬ ದವನದ ಘಮ. ಈ ಮನ್ಯಾಗ ಗಂಡ ಹೆಂಡತಿ ಮಾತು ಉರ್ದುದಾಗ. ಆದ್ರ ನಾ ಹೋದ್ರ ನನ್ನ ಮುಂದ ಗಂಡನ ಕೂಡನೂ ಕನ್ನಡದಾಗ ಮಾತಾಡೂದು ಅಕಿ ಮರ್ಯಾದಿ.

"ಬರ್ರಿ ಅಕ್ಕಾರ. ನೀವ ಬಂದದ್ದು ಛಲೋ ಆತ್ರಿ. ಇದನ್ನ ಎಷ್ಟೊತ್ತ ಕುದಿಸಬೇಕ್ರಿ? ಪೇಪರ್ನಾಗ ಅದೊಂದ ಬರದಿಲ್ಲ" ಅಂದ್ಳು.

ಅಕಿ ಬಾಜೂಕ ಕುಂತೆ. "ಜುಲೇಖಾ, ದವನದಾಗ ಆ ಔಷಧ ಇಲ್ಲವ್ವಾ. ಆ ಗಿಡನ ಬ್ಯಾರೆ."

"ಬಳಗ ಅಂತ ಬರದಾರಲ್ರಿ?"

"ಬಳಗ ಅಂದ್ರ ಅದ ಗಿಡ ಅಲ್ಲ. ನಿಮ್ಮ ಬಳಗದಾಗ ಎಷ್ಟ ಮಂದಿ ಅದಾರ? ಎಲ್ಲಾರಿಗೂ ಫ್ರಿಜ್ಜ್ ರಿಪೇರಿ ಬರತೈತೇನ?"

ಜುಲೇಖಾ ಕಿಸಕ್ಕನ ನಕ್ಳು. "ಇವರ ತಮ್ಮಗ ಬಲ್ಬ್ ಹಾಕಾಕ ಬರಂಗಿಲ್ರಿ" ಅಂದ್ಳು. ಆಮ್ಯಾಲೆ ನಗು ನಿಂತಿತು. "ಹಂಗಾರ ಆ ಖರೇ ಗಿಡದ್ದ ಪುಡಿ ನಿಮ್ಮಲ್ಲಿ ಐತಲ್ರಿ. ಅದರಾಗಿಂದ ಒಂದೀಟ ಕೊಡ್ರಿ."

ನಾನು ಇದಕ್ಕ ಹೆದರಿದ್ದೆ. "ಅದು ಪ್ಲೇಟಿನ್ಯಾಗ ಕೊಲ್ಲತೈತಿ. ಪ್ಲೇಟಿನ್ಯಾಗ ಉಪ್ಪು ಹೆಚ್ಚ ಹಾಕಿದ್ರೂ ಸಾಯ್ತಾವ, ಸಾಬಾಣ ಹಾಕಿದ್ರೂ ಸಾಯ್ತಾವ. ಅಲ್ಲೆ ಹೊಟ್ಟಿ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ. ಮನಷಾರ ಮೈಯಾಗ ಎಷ್ಟ ಕೊಡಬೇಕು, ಕೊಟ್ರ ಏನಾಕ್ಕೈತಿ, ಇದು ನನಗೂ ಗೊತ್ತಿಲ್ಲ, ನಮ್ಮ ಸರಗೂ ಗೊತ್ತಿಲ್ಲ. ಹೆಚ್ಚಾದ್ರ ಒಳ್ಳೆ ಕೋಶಾನೂ ಸಾಯ್ತಾವ."

"ಅಂದ್ರ ಸಾಹೇಬ್ರು ಸುಳ್ಳ ಹೇಳಿದ್ರೇನ್ರಿ?"

ಬಾಗಲದಾಗ ಇಮಾಮಸಾಬ ನಿಂತಿದ್ದ. ನಾನು ಇನ್ನೂ ನೌಕರಿ ಮ್ಯಾಲೆ ಇದ್ದಾಕಿ. ಈ ಮಾತು ಲ್ಯಾಬಿಗೆ ಮುಟ್ಟಿದ್ರ ಮುಟ್ಟಲಿ ಅನಕೊಂಡೆ. "ಅರ್ಧಾ ಹೇಳ್ಯಾರ. ಆ ಅರ್ಧಾನೂ ತುಕ್ಕ ಹಿಡದ ನೀರಿಂದ ಬಂದದ್ದು. ತಪ್ಪಾಗೇತಿ" ಅಂದೆ.

ಜುಲೇಖಾ ಮುಂದಿದ್ದ ಕಷಾಯದ ಲೋಟ ನೋಡಿಕೋತ ಕುಂತ್ಳು. "ನೋಡ್ರಿ ಮತ್ತ. ಇವರು ದವಾ ದವಾ ಅಂತ ತಂದ್ರು. ದವಾ-ನಾ ಅಂದ್ರ ನಮ್ಮ ಉರ್ದು ಮಾತಿನ್ಯಾಗ ದವಾ ಅಲ್ಲ ಅಂತನೂ ಆಗತೈತ್ರಿ" ಅಂದ್ಳು. ಆಮ್ಯಾಲೆ ಸಣ್ಣ ದನೀಲೆ ಹೇಳಿದ್ಳು, "ನನಗೂ ಪೂರಾ ನಂಬಿಗಿ ಇದ್ದಿಲ್ರಿ ಅಕ್ಕಾರ. ಆ ದವಾಖಾನ್ಯಾಗಿಂದು ಹಚ್ಚಿದ್ರ ಬಾಯಾಗ ತುಕ್ಕಿನ ರುಚಿ, ಮೈಯೆಲ್ಲಾ ಹೆಣದ ವಾಸನಿ. ಇದಕ್ಕ ಹಬ್ಬದ ವಾಸನಿ ಇತ್ತು. ಅದಕ್ಕ ಕುಡದ್ನಿ."

ಇದನ್ನ ಯಾವ ಪೇಪರ್ನಾವ್ರೂ ಬರೀಲಿಲ್ಲ, ನಾವೂ ಎಂದೂ ಕೇಳಲಿಲ್ಲ. "ನಾಳೆ ದವಾಖಾನಿಗೆ ನಾನೂ ಬರ್ತೇನಿ. ವಾಂತಿ ಬಂದ್ರ ಬಕೀಟು ಹಿಡೀತೇನಿ. ಬಾ" ಅಂದೆ. ಕಷಾಯದ ಲೋಟ ಬಾಜೂಕ ಸರಿಸಿ "ಹೂಂ" ಅಂದ್ಳು.

ದವಾಖಾನ್ಯಾಗ ಡಾಕ್ಟರ್ ಸಣ್ಣ ವಯಸ್ಸಿನ ಹುಡುಗಿ. ಹೊಸಾ ಸ್ಕ್ಯಾನ್ ನೋಡಿ ಮಾರಿ ಸಣ್ಣ ಮಾಡಿದ್ಳು. ರೋಗ ಬೆನ್ನೆಲುಬಿಗೆ ಇಳದಿತ್ತು. "ನಡುವ ಯಾಕ ಬಿಟ್ರಿ? ದವನದ ಕಷಾಯ ಕುಡೀರಂತ ಯಾವ ಮೂರ್ಖ ಹೇಳಿದಾ ನಿಮಗ?" ಅಂತ ಒದರಿದ್ಳು.

"ಯಾರೂ ಇಲ್ರಿ. ಓಣ್ಯಾಗಿನ ಮಂದಿ ಅಂದ್ರು, ನಾನ ಕುಡದ್ನಿ" ಅಂದ್ಳು ಜುಲೇಖಾ. ನನ್ನ ಕಡೆ ನೋಡಲಿಲ್ಲ.

"ಇಲ್ಲ ಡಾಕ್ಟರ, ಓಣ್ಯಾಗಿನವ್ರಲ್ಲ. ನಮ್ಮ ಲ್ಯಾಬಿನಿಂದ ಹೊಂಟ ಮಾತದು" ಅಂದೆ. ಆ ಹುಡುಗಿ ನನ್ನ ಬಿಳೇ ಕೂದಲಾ ನೋಡಿದ್ಳು, ಬೈಯಾಕ ಬಾಯಿ ತಗದು ಮತ್ತ ಮುಚ್ಚಿದ್ಳು. ಬೈದಿದ್ರ ಛಲೋ ಇತ್ತು.

ಮರುದಿನಾ ಸರ್ ಮುಂದ ಎಲ್ಲಾ ಹೇಳಿದೆ. ಈ ಸಲ ಅವರು ಯಾಕ ಕೆದರತೀರಿ ಅನ್ನಲಿಲ್ಲ. ತಾವ ಬಾಗಲ ಮ್ಯಾಲಿನ ಪೇಪರ್ ಕಿತ್ತಿದ್ರು, ಅಲ್ಲೆ ಕುಂತು ತಿದ್ದುಪಡಿ ಬರದು ಪೇಪರಿನವರಿಗೆ ಕಳಿಸಿದ್ರು. ಅವರು "ಅದು ಹಳೇ ಸುದ್ದಿ ಆತ್ರಿ ಸರ್" ಅಂದ್ರಂತ, ಹಾಕಲಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಆಮ್ಯಾಲೆ ಸರ್ ಮೈಕಿನ ಮುಂದ ಕಡಿಮಿ ಮಾತಾಡಿದ್ರು. ಔಷಧದ ಕೆಲಸ ಮುಂದ ನಡೀತು, ಇವತ್ತೂ ಎಲ್ಲೆಲ್ಲೋ ನಡದೈತಿ. ಎಂದರ ಒಂದ ದಿನಾ ಉಪಯೋಗ ಆದೀತು, ಆಗಲಿಕ್ಕೂ ಇಲ್ಲ. ನನಗಂತೂ ಆ ಆಶಾ ಹಿಡಕೊಂಡು ಕುಂಡ್ರೂವಷ್ಟು ಕಸುವು ಉಳದಿಲ್ಲ. ಹೊಸದಾಗಿ ಈ ಕೆಲಸಕ್ಕ ಬರೂ ಹುಡುಗ್ರ, ನಿಮಗ ಒಂದ ಹೇಳ್ತೇನಿ. ನಿಮ್ಮ ಪ್ಲೇಟಿನ್ಯಾಗ ಕೋಶ ಸತ್ತ ದಿನಾ ಖುಷಿ ಪಡ್ರಿ, ಬ್ಯಾಡನ್ನಂಗಿಲ್ಲ, ಆದ್ರ ಮೊದಲ ನೀರ ನೋಡ್ರಿ.

ಜುಲೇಖಾ ದವಾಖಾನಿ ಔಷಧ ಮತ್ತ ಬಿಡಲಿಲ್ಲ. ಕೂದಲ ಮತ್ತ ಬಂದ್ವು, ಹುಲ್ಲಿನಂಗ ಸಣ್ಣಗ, ಮತ್ತ ಹೋದ್ವು. ಅಷ್ಟರಾಗ ನನ್ನ ನೌಕರಿ ಮುಗೀತು. ನಡುನಡುವ ಹೋಗಿ ಬರ್ತಿದ್ದೆ. ಕಡೀ ಸಲ ಹೋದಾಗ ಅಕಿಗೆ ಎದ್ದು ಕುಂಡ್ರಾಕ ಆಗ್ತಿದ್ದಿಲ್ಲ. ಇಮಾಮಸಾಬ ಹೊಸ್ತಿಲದಾಗ ಬೆನ್ನ ಮಾಡಿ ಕುಂತಿದ್ದ. ಕೈಯಾಗ ಒಂದ ಪಾನಾ ಇತ್ತು, ರಿಪೇರಿ ಮಾಡಾಕ ಮುಂದೇನೂ ಇದ್ದಿಲ್ಲ. ದವಾಖಾನಿ ಬಿಡಿಸಿದಾಂವ ನಾನ ಅಂತ ಒಮ್ಮೆ ಅಂದಾಂವ, ಆಮ್ಯಾಲೆ ಮೊದಲಿನಂಗ ಮಾತಾಡೂದ ಬಿಟ್ಟಿದ್ದ. ಚಾ ಕುಡೀರಿ, ಕುಂಡ್ರಿ, ಇಷ್ಟ.

"ಅಕ್ಕಾರ, ಒಂದ ಖರೇ ಹೇಳ್ರಿ" ಅಂದ್ಳು ಜುಲೇಖಾ. ಕಸುವಿಲ್ಲದಿದ್ರೂ ದನಿ ಎತ್ತಿ ಕೇಳಿದ್ಳು. "ನಡುವ ಆ ದವಾ ಬಿಡದಿದ್ರ ನಾ ಉಳೀತಿದ್ನೇನ್ರಿ?"

ಬಿಟ್ಟದ್ದು ಛಲೋ ಆಗಲಿಲ್ಲ, ಅದು ನನಗೂ ಗೊತ್ತು, ಅಕಿಗೂ ಗೊತ್ತು. ಆದ್ರ ಅಕಿ ಕೇಳಿದ್ದು ಅದಲ್ಲ, ಉಳೀತಿದ್ನೇನು ಅಂತ. ಲ್ಯಾಬಿನ್ಯಾಗ ಒಂದಕ್ಕ ಔಷಧ ಹಾಕಿದ್ರ, ಹಾಕದ್ದು ಒಂದ ಬಾಜೂಕ ಇಟ್ಟಿರ್ತೇವಿ. ಎರಡೂ ನೋಡಿ ಹೇಳ್ತೇವಿ. ಜುಲೇಖಾನ ಬಾಜೂಕ ಇನ್ನೊಬ್ಬಾಕಿ ಜುಲೇಖಾ ಇದ್ದಿಲ್ಲ. ದವಾ ಬಿಡದ ಎಷ್ಟೋ ಮಂದಿ ಹೋಗ್ಯಾರ, ತಡಾ ಮಾಡಿದವರು ಯಾರೋ ಉಳದಾರ.

"ಗೊತ್ತಿಲ್ಲವ್ವಾ" ಅಂದೆ. "ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲ. ಯಾರಿಗೂ ಹೇಳಾಕ ಬರಂಗಿಲ್ಲ."

ಜುಲೇಖಾ ಕಣ್ಣ ಮುಚ್ಚಿದ್ಳು. ನನಗ ಅನಿಸಿತು, ಇದೆಂಥಾ ಉತ್ತರಾ ಕೊಟ್ಟೆ, ಸಾಯಾಕಿಗೆ ಒಂದ ಗಟ್ಟಿ ಮಾತ ಕೊಡಲಿಲ್ಲಲ್ಲ. ಅಷ್ಟರಾಗ ಅಕಿ ಕುತಗಿ ಹೊಳ್ಳಿಸಿ ಹೊಸ್ತಿಲದ ಕಡೆ ನೋಡಿದ್ಳು.

"ಕೇಳಿಸ್ತೇನ್ರಿ?" ಅಂದ್ಳು ಗಂಡಗ. "ಅಕ್ಕಾರಿಗೂ ಗೊತ್ತಿಲ್ಲಂತ."